ಮಳೆ, ಪಲ್ಪರ್, ಸಿಂಥ್: ನನ್ನ ಸಂಗೀತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಸದ್ದು ಹಿಡಿಯಲು ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ಸುತ್ತುತ್ತೇನೆ. ಕೇಳಿದವರು ಬರೆಯುತ್ತಾರೆ, ಫೋನ್ ಮಾಡುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಕೇಳುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನೀವು ಮಾಡೋದು ಯಾವ ಥರದ ಸಂಗೀತ?

ನಿಧಾನದ ಸಂಗೀತ. ಕೆಲವು ಟ್ರ್ಯಾಕ್‌ಗಳಲ್ಲಿ ತಾಳ ಇರುತ್ತದೆ. ಕೆಲವದರಲ್ಲಿ ಶ್ರುತಿ ಹಿಡಿದ ಹಾಗೆ ಒಂದೇ ಸ್ವರ ಹತ್ತು ನಿಮಿಷ ನಿಂತಿರುತ್ತದೆ. ಅದರೊಳಗೆ ನಾನು ಹಿಡಿದು ತಂದ ಸದ್ದುಗಳು ಬಂದು ಹೋಗುತ್ತವೆ: ಹಂಚಿನ ಮೇಲಿನ ಮಳೆ, ಹಟ್ಟಿಯ ಬಾಗಿಲು, ಕಣದಲ್ಲಿ ಕಾಫಿ ಹರಡುವ ಸದ್ದು.

ನನಗೆ ಒಂದೇ ಒಂದು ಕಟ್ಟಳೆ ಇದೆ. ಸದ್ದನ್ನು ಎಷ್ಟೇ ಎಳೆಯಲಿ, ಹಿಂಜಲಿ, ಹಿಂದುಮುಂದು ಮಾಡಲಿ, ಟ್ರ್ಯಾಕಿನ ಒಂದು ಕಡೆಯಾದರೂ ಆ ಊರಿನವರಿಗೆ ಅದರ ಗುರುತು ಸಿಗಬೇಕು. "ಓ, ಇದು ನಮ್ಮದಲ್ವಾ" ಅನ್ನಬೇಕು. ಗುರುತು ಸಿಗದಿದ್ದರೆ ಆ ಟ್ರ್ಯಾಕ್ ಹೊರಗೆ ಬಿಡುವುದಿಲ್ಲ.

ಎಲೆಕ್ಟ್ರಾನಿಕ್ ಸಂಗೀತ ನಮ್ಮ ಕಡೆಯದ್ದಲ್ಲ ಅಲ್ವಾ?

ಹುಟ್ಟಿದ್ದು ಇಲ್ಲಲ್ಲ, ನಿಜ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊದಲ್ಲಿ ಕೆಲಸಕ್ಕಿದ್ದ ಪಿಯೇರ್ ಶೆಫರ್ ರೈಲಿನ ಸದ್ದನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿ, ಅದನ್ನೇ ಕತ್ತರಿಸಿ ಜೋಡಿಸಿ ಸಂಗೀತ ಮಾಡಿದರು. ಇವತ್ತು ನಾವು ಸ್ಯಾಂಪಲ್ ಅಂತ ಕರೆಯುವುದರ ಬೇರು ಅಲ್ಲಿದೆ.

ಆದರೆ ನಮ್ಮ ದೇಶಕ್ಕೆ ಇದು ನಿನ್ನೆ ಮೊನ್ನೆ ಬಂದದ್ದಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ, ನಾವು ಸಿಂಥ್ ಅನ್ನುವುದು) ಇಟ್ಟು ಒಂದು ಸ್ಟುಡಿಯೊ ಶುರುವಾಯಿತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅದನ್ನು ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಎಸ್. ಸಿ. ಶರ್ಮಾ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಹೊರಗಿನವರ ಕಿವಿಗೆ ಬೀಳಲೇ ಇಲ್ಲ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಯಂತ್ರಗಳ ಮೇಲೆ ರಾಗಗಳನ್ನು ನುಡಿಸಿದರು. ಆಗ ಕೇಳುವವರು ಇರಲಿಲ್ಲ. ಇವತ್ತು ಜಗತ್ತೆಲ್ಲ ಹುಡುಕಿಕೊಂಡು ಕೇಳುತ್ತದೆ.

ಇನ್ನೂ ಹತ್ತಿರಕ್ಕೆ ಬನ್ನಿ. ನಿಮ್ಮೂರಿನ ಭಜನಾ ಮಂಡಳಿಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇದೆಯಲ್ಲ? ಅದನ್ನು ನಮ್ಮ ಬೆಂಗಳೂರಿನಲ್ಲೇ, ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಮಾಡಿದರು. ಸ್ವಿಚ್ ಹಾಕಿದ ತಕ್ಷಣ ಷಡ್ಜ ಪಂಚಮ ತುಂಬಿಕೊಳ್ಳುತ್ತದೆ. ನನ್ನ ಮೊದಲ ಸಿಂಥ್ ಅದೇ. ಚಿಕ್ಕಪ್ಪ ಭಜನೆ ಮುಗಿಸಿ ಮನೆಗೆ ತಂದಿಟ್ಟಾಗ ಶ್ರುತಿಯ ಗುಂಡಿ ತಿರುಗಿಸುತ್ತಾ ಕೂತಿರುತ್ತಿದ್ದೆ.

ಏನೇನು ರೆಕಾರ್ಡ್ ಮಾಡಿದ್ದೀರಿ?

ಪಟ್ಟಿ ಉದ್ದ ಇದೆ. ಎರಡು ಮಾತ್ರ ವಿವರವಾಗಿ ಹೇಳುತ್ತೇನೆ.

ಒಂದು, ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಕಾಫಿ ಕೊಯ್ಲಿನ ಕಾಲದಲ್ಲಿ, ಸಂಜೆ ಹಣ್ಣು ಅಳೆದು ಮುಗಿದ ಮೇಲೆ ಪಲ್ಪರ್ ಶುರುವಾಗುತ್ತದೆ. ದೂರದಿಂದ ಕೇಳಿದರೆ ಬರೀ ಮೋಟಾರಿನ ಗಲಾಟೆ. ಹತ್ತಿರ ಹೋದರೆ ಬೇರೆಯೇ ಲೋಕ. ನಾನು ಪೀಜೋ ಬಿಲ್ಲೆಗೆ (ನಡುಕವನ್ನು ವಿದ್ಯುತ್ತಾಗಿಸುವ ತೆಳು ಬಿಲ್ಲೆ) ವೈರ್ ಬೆಸುಗೆ ಹಾಕಿ, ಅದನ್ನು ಪಲ್ಪರಿನ ಕಬ್ಬಿಣದ ಕಾಲಿಗೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿದೆ. ಇದು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವುದಿಲ್ಲ, ಕಬ್ಬಿಣದೊಳಗೆ ಓಡುವ ನಡುಕವನ್ನು ಹಿಡಿಯುತ್ತದೆ. ಹೆಡ್‌ಫೋನಿನಲ್ಲಿ ಮೊದಲು ಒಂದು ದಪ್ಪ ಗುಂಯ್. ಅದರ ಮೇಲೆ ಹಣ್ಣು ಬೀಳುವ ಟಪ ಟಪ. ಸಿಪ್ಪೆ ಜಾರುವಾಗ ಒಂದು ಒದ್ದೆ ಸದ್ದು, ಹಲಸಿನ ತೊಳೆ ಬಿಡಿಸಿದ ಹಾಗೆ. ಹಣ್ಣು ಕಡಿಮೆಯಾಗುತ್ತಾ ಬಂದಂತೆ ಸದ್ದಿನ ನಡುವೆ ಸಂದು ಬೀಳುತ್ತದೆ. ಕೊನೆಗೆ ನಾಲ್ಕೈದು ಹಣ್ಣು ಮಾತ್ರ ಉಳಿದು, ಒಂದೊಂದೇ ಟಪ್, ಟಪ್ ಅಂದು, ಬರೀ ನೀರು ಹರಿಯುವ ಸದ್ದು ಉಳಿಯುತ್ತದೆ. ಆ ಕೊನೆಯ ನಲವತ್ತು ಸೆಕೆಂಡನ್ನು ನಾನು ಮುಟ್ಟದೆ ಹಾಗೇ ಇಟ್ಟಿದ್ದೇನೆ. ಅಲ್ಲಿ ಸಿಂಥ್ ಕೂಡ ಇಲ್ಲ.

ಎರಡು, ಹೂವಿನ ಜೇನು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಬಾಡುತ್ತದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಅದಕ್ಕೆ ರೊಬಸ್ಟಾ ತೋಟದಲ್ಲಿ ಜೇನಿನ ಓಡಾಟಕ್ಕೆ ಕಿವಿ ಕೊಡಲು ನನಗೆ ಜಾಸ್ತಿ ಆಸೆ. ಬಿಸಿಲೇರುವ ಹೊತ್ತಿಗೆ ಗಿಡದ ನಡುವೆ ನಿಂತರೆ ಇಡೀ ತೋಟವೇ ಶ್ರುತಿ ಹಿಡಿದ ಹಾಗಿರುತ್ತದೆ. ಜೇನಿನ ರೆಕ್ಕೆ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ, ಆ ಬಡಿತವೇ ಸ್ವರ. ನಾನು ಕೋಣೆಗೆ ಬಂದು ಸಿಂಥನ್ನು ಆ ಸ್ವರಕ್ಕೆ ಶ್ರುತಿ ಮಾಡಿದೆ. ಜೇನನ್ನು ಸಿಂಥಿಗೆ ಹೊಂದಿಸಲಿಲ್ಲ. ನನಗೆ ಇದು ದೊಡ್ಡ ವಿಷಯ.

ಮಳೆ ರೆಕಾರ್ಡ್ ಮಾಡೋದು ಸುಲಭ ಅಲ್ವಾ? ಹೊರಗೆ ಮೈಕ್ ಇಟ್ಟರಾಯ್ತು.

ಇಟ್ಟು ನೋಡಿ. ಟಿವಿಯಲ್ಲಿ ಚಾನೆಲ್ ಹೋದಾಗ ಬರುತ್ತಿದ್ದ ಸದ್ದಿನಂತೆ ಬರೀ ಸ್ಸ್ ಅನ್ನುತ್ತದೆ. ಮಳೆಗೆ ತನ್ನದೇ ಸದ್ದು ಕಡಿಮೆ. ಅದು ಯಾವುದರ ಮೇಲೆ ಬೀಳುತ್ತದೋ ಅದರ ಸದ್ದನ್ನು ನಾವು ಮಳೆ ಅನ್ನುತ್ತೇವೆ. ಕೆಸುವಿನ ಎಲೆ, ಹಂಚು, ತಗಡು, ಅಡಿಕೆ ಹಾಳೆ, ತುಂಬಿದ ಬಕೆಟ್ಟು, ಒಂದೊಂದರದ್ದೂ ಬೇರೆ. ಆದ್ದರಿಂದ ಮೊದಲು ಜಾಗ ಹುಡುಕಿ, ಮೈಕ್ ಆಮೇಲೆ. ಮೈಕ್ ಮೇಲೆ ಹನಿ ಬೀಳದ ಹಾಗೆ ಸೂರಿನೊಳಗೇ ಇಡಿ. ಮೇಲೆ ಹಳೇ ಕಂಬಳಿ ಮಡಿಸಿ ಹಾಕಿದರೆ ಚೆಲ್ಲುವ ನೀರಿನ ಪೆಟ್ಟು ಗೊತ್ತಾಗುವುದಿಲ್ಲ.

ಇಲ್ಲಿ ಕನ್ನಡದಿಂದ ನನಗೆ ಆದ ಉಪಕಾರ ಹೇಳಲೇಬೇಕು. ಶುರುವಿನಲ್ಲಿ ಎಲ್ಲರ ಹಾಗೆ ಫೈಲುಗಳಿಗೆ ರೈನ್ ಒಂದು, ರೈನ್ ಎರಡು ಅಂತ ಹೆಸರಿಡುತ್ತಿದ್ದೆ. ಆರು ತಿಂಗಳಾದ ಮೇಲೆ ತೆರೆದರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಆಮೇಲೆ ಮನೆಯವರು ಮಳೆಗೆ ಅನ್ನುವ ಮಾತನ್ನೇ ಹೆಸರಾಗಿಡಲು ಶುರು ಮಾಡಿದೆ. ಜಿಟಿಜಿಟಿ, ಧೋ, ಪಟಪಟ, ತೊಟತೊಟ, ಸೋ. ಜೊತೆಗೆ ಮಳೆ ನಕ್ಷತ್ರ, ಬಿದ್ದ ಜಾಗ. "ಆರಿದ್ರಾ, ಜಿಟಿಜಿಟಿ, ಹಟ್ಟಿ ಹಂಚು." "ಪುಷ್ಯ, ಧೋ, ತಗಡು." ಈಗ ಹೆಸರು ಓದಿದರೆ ಸಾಕು, ಸದ್ದು ಕಿವಿಗೆ ಬರುತ್ತದೆ. ಜೂನ್ ಕೊನೆಯ ಮಳೆಗೂ ಜುಲೈ ಕೊನೆಯ ಮಳೆಗೂ ಇರುವ ವ್ಯತ್ಯಾಸ ತಾರೀಕಿನಲ್ಲಿ ಹೊಳೆಯುವುದಿಲ್ಲ, ನಕ್ಷತ್ರದ ಹೆಸರಿನಲ್ಲಿ ಹೊಳೆಯುತ್ತದೆ.

ಯಾವ ಮೈಕ್, ಯಾವ ರೆಕಾರ್ಡರ್?

ಕೈಯಲ್ಲಿ ಹಿಡಿಯುವ ಸಣ್ಣ ಸ್ಟೀರಿಯೊ ರೆಕಾರ್ಡರ್, ಒಂದು ಜೊತೆ ಕಂಡೆನ್ಸರ್ ಮೈಕ್, ನಾನೇ ಮಾಡಿದ ನಾಲ್ಕು ಪೀಜೋ ಬಿಲ್ಲೆಗಳು. ನೀರೊಳಗೆ ಇಳಿಬಿಡಲು ಒಂದು ಹೈಡ್ರೋಫೋನ್. ಮೈಕಿಗೆ ಉಣ್ಣೆಯಂಥ ಗಾಳಿ ಮುಸುಕು ಇಲ್ಲದೆ ಮುಳ್ಳಯ್ಯನಗಿರಿ ಕಡೆ ಹೋಗಬೇಡಿ. 1930 ಮೀಟರ್ ಎತ್ತರದಲ್ಲಿ ಗಾಳಿ ಬಿಟ್ಟರೆ ಬೇರೇನೂ ದಾಖಲಾಗುವುದಿಲ್ಲ.

ಸಾಮಾನ್ಯವಾಗಿ 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಜೀರುಂಡೆ, ಕಪ್ಪೆ ಇದ್ದರೆ 96ಕ್ಕೆ ಏರಿಸುತ್ತೇನೆ. ಯಾಕೆಂದರೆ ಅವನ್ನು ಆಮೇಲೆ ನಿಧಾನ ಮಾಡುವುದಿರುತ್ತದೆ. ಅರ್ಧ ವೇಗಕ್ಕೆ ಇಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಎಂಟನೇ ಒಂದಕ್ಕೆ ಇಳಿಸಿದರೆ ಮೂರು ಸ್ಥಾಯಿ. ಆಗ ಜೀರುಂಡೆಯ ಒಂದೇ ಗೆರೆಯಂಥ ಸದ್ದು ಬಿಡಿಬಿಡಿ ಟಿಕ್ ಟಿಕ್ ಆಗಿ ಬಿಚ್ಚಿಕೊಳ್ಳುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ನನ್ನ ಒಂದು ಮೈಕ್ ಬೂಷ್ಟು ಹಿಡಿದು ಹಾಳಾಯಿತು. ಈಗ ಎಲ್ಲವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಡಬ್ಬದ ಜಾಗ ಅಡುಗೆ ಮನೆ ಒಲೆಯ ಮೇಲಿನ ಅಟ್ಟ.

ಮೊಬೈಲಿನಲ್ಲೇ ಶುರು ಮಾಡಬಹುದಾ?

ಧಾರಾಳವಾಗಿ. ಏರೋಪ್ಲೇನ್ ಮೋಡಿಗೆ ಹಾಕಿ, ಕೈಯಲ್ಲಿ ಹಿಡಿಯದೆ ಎಲ್ಲಾದರೂ ಇಟ್ಟು, ಐದು ನಿಮಿಷ ಅಲ್ಲಾಡದೆ ಕೂತುಕೊಳ್ಳಿ. ಕಷ್ಟ ಇರುವುದು ಆ ಐದು ನಿಮಿಷದಲ್ಲಿ. ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಲು ಆಡಾಸಿಟಿ ಪುಕ್ಕಟೆ ಸಿಗುತ್ತದೆ.

ಕಾಡಿನೊಳಗೆ ಹೋಗಿ ರೆಕಾರ್ಡ್ ಮಾಡ್ತೀರಾ?

ಅನುಮತಿ ಇಲ್ಲದೆ ಇಲ್ಲ. ಭದ್ರಾ ಹುಲಿ ಮೀಸಲು ಪ್ರದೇಶದಂಥ ಕಡೆ ಅರಣ್ಯ ಇಲಾಖೆಯನ್ನು ಕೇಳದೆ ಕಾಲಿಡುವ ಹಾಗಿಲ್ಲ. ಸುಮ್ನೆ ಯಾಕೆ ಒಳಗೆ ನುಗ್ಗಬೇಕು? ಬೆಳಗಿನ ಜಾವ ತೋಟದ ಅಂಚಿನಲ್ಲಿ, ಹಳ್ಳದ ಪಕ್ಕ ಕೂತರೆ ಸಾಕಷ್ಟು ಸಿಗುತ್ತದೆ. ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ ಹಳ್ಳದ ಬಂಡೆಗೇ ಬರುತ್ತದೆ. ಶಾಲೆಗೆ ಹೋಗುವ ಹುಡುಗ ದಾರಿಯಲ್ಲಿ ಮನಸ್ಸಿಗೆ ಬಂದ ಹಾಗೆ ಸಿಳ್ಳೆ ಹಾಕಿದಂತಿರುತ್ತದೆ ಅದರ ಹಾಡು.

ದಯವಿಟ್ಟು ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಯಬೇಡಿ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಅದು ಗೂಡು ಬಿಟ್ಟು ಓಡಿ ಬರುತ್ತದೆ. ಮರಿ ಇರುವ ಕಾಲದಲ್ಲಿ ಇದು ಪಾಪದ ಕೆಲಸ.

ಮತ್ತೆ ಆನೆ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವವರಿಗೆ ಹೇಳುತ್ತೇನೆ: ಹೆಡ್‌ಫೋನ್ ಹಾಕಿಕೊಂಡರೆ ಮೈಕಿನ ಮುಂದಿನದು ಕೇಳುತ್ತದೆ, ಬೆನ್ನ ಹಿಂದಿನದು ಕೇಳುವುದಿಲ್ಲ. ಕತ್ತಲಾದ ಮೇಲೆ ತೋಟದಲ್ಲಿ ಹೆಡ್‌ಫೋನ್ ಹಾಕಬೇಡಿ. ನಾನು ಬೆಳಕಿರುವಾಗಲೇ ರೆಕಾರ್ಡರನ್ನು ಮರಕ್ಕೆ ಕಟ್ಟಿ ಮನೆಗೆ ಬರುತ್ತೇನೆ. ಬೆಳಿಗ್ಗೆ ತೋಟದವರನ್ನು ವಿಚಾರಿಸಿಕೊಂಡೇ ಬಿಚ್ಚಲು ಹೋಗುತ್ತೇನೆ.

ಘಾಟಿ ರೈಲಿನ ಟ್ರ್ಯಾಕ್ ಹೇಗೆ ಮಾಡಿದಿರಿ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಟಿಕೆಟ್ ತೆಗೆದುಕೊಂಡು, ಬೋಗಿಯ ಒಳಗೆ ಕೂತು. ಹಳಿಯ ಮೇಲೆ ನಡೆಯಲಿಲ್ಲ. ಅದು ನಿಷೇಧ, ಪ್ರಾಣಕ್ಕೂ ಅಪಾಯ. ದಾರಿಯಲ್ಲಿ 57 ಸುರಂಗಗಳಿವೆ. ಸುರಂಗ ಹೊಕ್ಕ ಕ್ಷಣ ಸದ್ದು ಹತ್ತಿರಕ್ಕೆ ಬಂದು ಕಿವಿ ಮುಚ್ಚುತ್ತದೆ, ಹೊರಬಿದ್ದ ಕ್ಷಣ ಕಣಿವೆಯೆಲ್ಲ ತೆರೆದುಕೊಳ್ಳುತ್ತದೆ. 57 ಸಲ. ನಾನು ಆ ಒಳಗೆ, ಹೊರಗೆ ಆಗುವ ಜಾಗಗಳನ್ನೇ ತಾಳದ ಗುರುತಾಗಿ ಇಟ್ಟುಕೊಂಡೆ. ಅದಕ್ಕೇ ಆ ಟ್ರ್ಯಾಕಿನ ತಾಳ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವು ಸುರಂಗ ಉದ್ದ, ಕೆಲವು ಗಿಡ್ಡ.

ಸೋಬಾನೆ ಹಾಡಿದ ಅಜ್ಜಿ ಯಾರು?

ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟವಿಲ್ಲ. ಮೂಡಿಗೆರೆ ತಾಲ್ಲೂಕಿನವರು. ನಾಟಿ ಪದ, ಸೋಬಾನೆ ಎರಡೂ ಬರುತ್ತವೆ. ಮೊದಲ ಎರಡು ಸಲ ಹೋದಾಗ ರೆಕಾರ್ಡರನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಕಡುಬು ತಿಂದು, ಮಾತಾಡಿ ಬಂದೆ. ಮೂರನೇ ಸಲ ಅವರೇ ಕೇಳಿದರು: "ಎಂಥ ಮಗಾ, ಆ ಮಿಷನ್ ತಂದಿಲ್ವಾ?"

ಜಗಲಿ ಮೇಲೆ ಕೂತು ಹಾಡಿದರು. ನಡುವೆ ಮೊಮ್ಮಗ ದನ ಒಳಗೆ ಕಟ್ಟಲು ಬಂದ, ಹಟ್ಟಿ ಬಾಗಿಲು ಕಿರ್ ಎಂದಿತು. ಅಜ್ಜಿ ಹಾಡು ನಿಲ್ಲಿಸಿ ಅವನಿಗೆ ಬೈದು, ಮತ್ತೆ ಅದೇ ಸಾಲಿನಿಂದ, ಅದೇ ಶ್ರುತಿಯಿಂದ ಮುಂದುವರಿಸಿದರು. ಕೋಣೆಗೆ ಬಂದು ಅಳೆದು ನೋಡಿದೆ, ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆ ಬಾಗಿಲನ್ನು ನಾನು ಅಳಿಸಲಿಲ್ಲ. ನಿಧಾನ ಮಾಡಿ, ಹಾಡಿನ ಕೆಳಗೆ ಒಂದು ದೀರ್ಘ ಸ್ವರವಾಗಿ ಹಾಸಿದೆ.

ಮುಗಿದ ಮೇಲೆ ಹೋಗಿ ಕೇಳಿಸಿದೆ. ಹೆಡ್‌ಫೋನ್ ಬೇಡ ಅಂದರು, ಸಣ್ಣ ಸ್ಪೀಕರಿನಲ್ಲಿ ಹಾಕಿದೆ. ತಮ್ಮ ದನಿ ಬಂದಾಗ ಏನೂ ಹೇಳಲಿಲ್ಲ. ಹಾಡು ಮುಗಿದು ಆ ದೀರ್ಘ ಸ್ವರ ಮಾತ್ರ ಉಳಿದಾಗ ತಲೆ ಎತ್ತಿ, "ಇದು ನಮ್ಮ ಹಟ್ಟಿ ಬಾಗ್ಲು ಅಲ್ವನಾ?" ಅಂದರು. ನಾನು ಅದನ್ನು ಹತ್ತು ಪಟ್ಟು ಎಳೆದಿದ್ದೆ.

ವೀರಗಾಸೆ ತಂಡದ ಜೊತೆ ಮಾಡಿದ ಟ್ರ್ಯಾಕಿನಲ್ಲಿ ಬೀಟ್ ಯಾಕೆ ಓಡುತ್ತಾ ಹೋಗುತ್ತದೆ?

ವೀರಗಾಸೆ ಓಡುತ್ತದೆ, ಅದಕ್ಕೆ. ಸಮಾಳ ಅನ್ನುವ ಚರ್ಮವಾದ್ಯ ನಿಧಾನಕ್ಕೆ ಶುರುವಾಗಿ ಕುಣಿತದ ಜೊತೆ ಏರುತ್ತದೆ. ನಡುವೆ ಒಡಪು (ವೀರಭದ್ರನನ್ನು ಹೊಗಳುವ ಮಾತು) ಹೇಳಲು ಎಲ್ಲವೂ ನಿಲ್ಲುತ್ತದೆ. ಒಡಪು ಮುಗಿದ ಮೇಲೆ ಮತ್ತೆ ಹಿಡಿಯುವಾಗ ವೇಗ ಬೇರೆ. ನಾನು ಮೊದಲು ಮಾಡಿದ ತಪ್ಪು, ಅವರ ಕಿವಿಗೆ ಟಿಕ್ ಟಿಕ್ ಅಂತ ಒಂದೇ ವೇಗದಲ್ಲಿ ತಾಳ ಎಣಿಸುವ ಮೆಟ್ರೊನೋಮ್ ಹಾಕಿದ್ದು. ನುಡಿಸಿದರು, ಜೀವ ಇರಲಿಲ್ಲ. ಸಮಾಳ ಬಾರಿಸುವ ಯಜಮಾನರು ಸಮಾಧಾನವಾಗಿ ಹೇಳಿದರು: "ಇದು ಕುಣಿಯೋರ ಕಾಲು ನೋಡಿ ಬಾರ್ಸೋದು. ನಿಮ್ಮ ಟಿಕ್ ಟಿಕ್‌ಗೆ ಕಾಲಿಲ್ಲ."

ಆವತ್ತು ಎಲ್ಲ ಅಳಿಸಿದೆ. ಕುಣಿಯುವವರನ್ನೂ ಕರೆಸಿ, ಮೈದಾನದಲ್ಲಿ ಒಂದೇ ಹಿಡಿತಕ್ಕೆ ರೆಕಾರ್ಡ್ ಮಾಡಿದೆವು. ಆಮೇಲೆ ನನ್ನ ಸಿಂಥಿನ ತಾಳವನ್ನು ಪೆಟ್ಟು ಪೆಟ್ಟಿಗೂ ಕೈಯಿಂದಲೇ ಅವರಿಗೆ ಹೊಂದಿಸಿದೆ. ಹನ್ನೊಂದು ನಿಮಿಷದ ಟ್ರ್ಯಾಕಿಗೆ ಮೂರು ವಾರ ಹಿಡಿಯಿತು. ನಾನು ಮಾಡಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಜೊತೆಗಾರರಿಗೆ ದುಡ್ಡು ಹೇಗೆ ಕೊಡ್ತೀರಿ?

ಎರಡು ಥರ. ರೆಕಾರ್ಡಿಂಗ್ ದಿನದ ಸಂಭಾವನೆ ಆವತ್ತೇ, ಊಟ ಬಸ್ ಚಾರ್ಜು ಬೇರೆ. ಆಮೇಲೆ ಆ ಟ್ರ್ಯಾಕಿನಿಂದ ಬಂದದ್ದರಲ್ಲಿ ಅರ್ಧ ಅವರದು, ಅರ್ಧ ನನ್ನದು. ವರ್ಷಕ್ಕೆ ಎರಡು ಸಲ ಲೆಕ್ಕ ಬರೆದು ತೋರಿಸುತ್ತೇನೆ. ಮೊತ್ತ ಸಣ್ಣದಾದರೂ ಸರಿ, ಲೆಕ್ಕ ಲೆಕ್ಕವೇ.

"ಜನಪದ ಹಾಡು ಯಾರದ್ದೂ ಅಲ್ಲ, ಹಾಗಾಗಿ ದುಡ್ಡು ಕೊಡಬೇಕಿಲ್ಲ" ಅನ್ನುವವರಿದ್ದಾರೆ. ಹಾಡು ಎಲ್ಲರದ್ದೂ ಇರಬಹುದು. ಅದನ್ನು ಆವತ್ತು ಹಾಡಿದ ದನಿ ಹಾಡಿದವರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಡುವವರಿಗೆ, ನುಡಿಸುವವರಿಗೆ ಪ್ರತ್ಯೇಕ ಹಕ್ಕು ಕೊಟ್ಟಿದೆ. ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಲ್ಲಿ ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳುವ ಹಕ್ಕೂ ಸೇರಿದೆ. ಇದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು, ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಹಾಕಿಸಿಕೊಳ್ಳುತ್ತೇನೆ. ಬೇಡ ಅನಿಸಿದರೆ ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಅಂತಲೂ ಅದರಲ್ಲಿದೆ. ಒಬ್ಬರು ಹಿಂತೆಗೆದುಕೊಂಡಿದ್ದಾರೆ. ಆ ಟ್ರ್ಯಾಕ್ ಈಗ ಇಲ್ಲ.

ನಿಮ್ಮ ಮಳೆ, ಹಕ್ಕಿ ಸದ್ದುಗಳನ್ನು ನಾವು ವಿಡಿಯೊದಲ್ಲಿ ಬಳಸಬಹುದಾ?

ಶಾಲೆಗೆ, ಓದಿಗೆ, ನಾಟಕಕ್ಕೆ, ಮಕ್ಕಳ ಕಾರ್ಯಕ್ರಮಕ್ಕೆ ಪುಕ್ಕಟೆ. ಎಲ್ಲಿ ಹಿಡಿದದ್ದು ಅಂತ ಊರಿನ ಹೆಸರು ಹಾಕಿ. ವ್ಯಾಪಾರಕ್ಕಾದರೆ ಮೊದಲು ಕೇಳಿ.

ಒಂದು ಸಲ ನಾನು ಹಿಡಿದ ಹಳ್ಳದ ಸದ್ದು ಒಂದು ರೆಸಾರ್ಟಿನ ಜಾಹೀರಾತಿನಲ್ಲಿ ಬಂತು. ಕೇಳಿರಲಿಲ್ಲ. ಬೇಜಾರಾದದ್ದು ದುಡ್ಡಿಗಲ್ಲ. ಆ ಹಳ್ಳ ಇರುವ ಊರೇ ಬೇರೆ, ಅವರು ತೋರಿಸಿದ ಜಾಗವೇ ಬೇರೆ. ಆ ಊರಿನ ಹುಡುಗನೇ ವಿಡಿಯೊ ಕಳಿಸಿ, "ಇದು ನಮ್ಮ ಹಳ್ಳ, ಕಲ್ಲಿಗೆ ಬಡಿಯೋದು ಗೊತ್ತಾಗುತ್ತೆ" ಅಂದ. ಬರೆದ ಮೇಲೆ ತೆಗೆದರು.

ಎಲ್ಲಿ ಕೊಳ್ಳಬಹುದು? ಎಲ್ಲಿ ಕೇಳಿದರೆ ನಿಮಗೆ ಒಳ್ಳೆಯದು?

ಇಲ್ಲಿಯವರೆಗೆ ಮೂರು ಇಪಿ (ಚಿಕ್ಕ ಆಲ್ಬಮ್), ಒಂದು ಪೂರ್ತಿ ಆಲ್ಬಮ್. ಎಲ್ಲವೂ ಕಲಾವಿದರೇ ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲೂ ಸ್ಪಾಟಿಫೈನಲ್ಲೂ ಇವೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡರೆ ಅವರ ಪಾಲು ಶೇಕಡ 15, ಪಾವತಿಯ ಖರ್ಚು ಬೇರೆ. ಉಳಿದದ್ದು ನಮಗೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಟ್ರ್ಯಾಕ್ ವರ್ಷದಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಏನೂ ಬರುವುದಿಲ್ಲ. ಹತ್ತು ನಿಮಿಷದ ನಿಧಾನದ ಟ್ರ್ಯಾಕಿಗೆ ಇದು ಕಷ್ಟದ ಲೆಕ್ಕ. ಆದರೂ ಅಲ್ಲಿ ಇಟ್ಟಿದ್ದೇನೆ. ವೀರಗಾಸೆ ತಂಡದ ಹುಡುಗರು ಬೇರೆಯವರಿಗೆ ಕೇಳಿಸುವುದು ಅಲ್ಲಿಂದಲೇ.

ಸಿ.ಡಿ., ಕ್ಯಾಸೆಟ್, ವಿನೈಲ್?

ಸದ್ಯಕ್ಕಿಲ್ಲ. ಕೇಳಿದ ಮನೆಗಳಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇನೆ. ಜೀಪಿನಲ್ಲಿ ಹಾಕಿ ಕೇಳುತ್ತಾರೆ.

ನನ್ನ ಜೊತೆ ಕೆಲಸ ಮಾಡ್ತೀರಾ?

ಮಾಡುತ್ತೇನೆ. ಹಾಡು ಬರಬೇಕು ಅಂತೇನಿಲ್ಲ. ಕಳೆದ ಇಪಿಯಲ್ಲಿ ಮದುವೆ ಬ್ಯಾಂಡಿನ ಕ್ಲಾರಿನೆಟ್ ವಾದಕರೊಬ್ಬರಿದ್ದಾರೆ, ಕಣದಲ್ಲಿ ಕಾಫಿ ಹರಡುವ ಇಬ್ಬರು ಹೆಂಗಸರ ಕೆಲಸದ ಲಯ ಇದೆ. ಅವರಿಗೂ ಕಲಾವಿದರ ಪಾಲೇ ಸಂದಿದೆ. ಬರೆಯುವಾಗ ನಿಮ್ಮ ಊರು ಯಾವುದು, ಅಲ್ಲಿ ನಿಮಗೆ ಇಷ್ಟವಾದ ಸದ್ದು ಯಾವುದು ಅಂತ ತಿಳಿಸಿ. ಮಾತು ಅಲ್ಲಿಂದ ಶುರು ಮಾಡೋಣ.

ಮುಂದಿನ ಬಿಡುಗಡೆ ಯಾವಾಗ?

ಕಾಫಿ ಕೆಲಸದ ಸದ್ದುಗಳದ್ದೇ ಒಂದು ಪೂರ್ತಿ ಆಲ್ಬಮ್ ಮಾಡುತ್ತಿದ್ದೇನೆ. ಹೂಮಳೆಯಿಂದ ಶುರುವಾಗಿ ಚೀಲ ಹೊಲಿಯುವವರೆಗೆ. ಸ್ಪ್ರಿಂಕ್ಲರ್, ಮರಗಸಿಯ (ನೆರಳು ಮರದ ಕೊಂಬೆ ಕಡಿಯುವ ಕೆಲಸದ) ಕತ್ತಿ, ಕೊಯ್ಲು, ಅಳತೆ, ಕಣ ಎಲ್ಲ ಸಿಕ್ಕಿವೆ. ಒಂದು ಮಾತ್ರ ಸಿಕ್ಕಿಲ್ಲ: ಕೈಯಲ್ಲಿ ತಿರುಗಿಸುವ ಹಳೇ ಪಲ್ಪರ್. ಅಂಥದ್ದು ಯಾರ ಮನೆಯಲ್ಲಾದರೂ, ಸೌದೆ ಕೊಟ್ಟಿಗೆಯ ಮೂಲೆಯಲ್ಲಾದರೂ ಇದ್ದರೆ ತಿಳಿಸಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ. ಎಣ್ಣೆ ನಾನೇ ತರುತ್ತೇನೆ. ಒಂದು ಬುಟ್ಟಿ ಹಣ್ಣು ಸಾಕು.